ವೈದ್ಯಕೀಯ ಸುದ್ದಿಯಲ್ಲಿ ‘ಇದು ಏನಲ್ಲ’ ಅನ್ನುವುದನ್ನೂ ಹೇಳಿ

ಪ್ರಶ್ನೆ: ಆರು ತಿಂಗಳಿಂದ ಆರೋಗ್ಯ ಸುದ್ದಿ ಬರೆಯುತ್ತಿದ್ದೇನೆ. ನಾನು ಓದಿದ್ದು ವಿಜ್ಞಾನವಲ್ಲ. ಕಷ್ಟದ ಪದ ಬಂದ ಕಡೆಯೆಲ್ಲ ವೈದ್ಯಕೀಯ ನಿಘಂಟಿನಿಂದ ಅರ್ಥ ತೆಗೆದು ಹಾಕುತ್ತೇನೆ. ಬಗೆಗಳಿದ್ದರೆ ಪಟ್ಟಿ ಮಾಡುತ್ತೇನೆ. ಆದರೂ ಓದಿದವರು ಮತ್ತೆ ಮತ್ತೆ ಕೇಳುವುದು ಒಂದೇ: “ಹಾಗಾದರೆ ಇದು ಅದೇನಾ?” ವ್ಯಾಖ್ಯೆ, ವರ್ಗೀಕರಣ ಎರಡೂ ಕೊಟ್ಟ ಮೇಲೂ ಯಾಕೆ ಹೀಗೆ? ಇವನ್ನೆಲ್ಲ ಪಕ್ಕದಲ್ಲಿ ಬಾಕ್ಸ್ ಮಾಡಿ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ನಿಮ್ಮ ಓದುಗರ ಮಾತಲ್ಲೇ ಉತ್ತರ ಇದೆ. “ಇದು ಅದೇನಾ?” ಅಂತ ಕೇಳುತ್ತಾರೆ ಅಂದರೆ ಅವರ ತಲೆಯಲ್ಲಿ ಆಗಲೇ ಒಂದು ‘ಅದು’ ಕೂತಿದೆ. ನಿಮ್ಮ ನಿಘಂಟಿನ ವಾಕ್ಯ ಆ ‘ಅದರ’ ಹತ್ತಿರಕ್ಕೂ ಹೋಗುತ್ತಿಲ್ಲ.

ನಿಘಂಟು ತಪ್ಪು ಹೇಳುವುದಿಲ್ಲ. ಆದರೆ ಅದನ್ನು ಬರೆದಿರುವುದು ಇನ್ನೊಬ್ಬ ವೈದ್ಯರಿಗೆ. ಅವರಿಗೆ ಯಾವ ಎರಡು ಕಾಯಿಲೆಗಳ ನಡುವೆ ಗೊಂದಲ ಆಗಬಹುದೋ ಅದನ್ನು ಬಿಡಿಸಲು ಆ ವಾಕ್ಯ ಇದೆ. ನಿಮ್ಮ ಓದುಗರ ಗೊಂದಲವೇ ಬೇರೆ. ಹಾಗಾಗಿ ಪದದ ಅರ್ಥ ಹುಡುಕುವ ಮೊದಲು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಪದ ಕೇಳಿದವರು ಇದನ್ನು ಯಾವುದರ ಜೊತೆ ಸೇರಿಸಿಬಿಡುತ್ತಾರೆ? ಆ ಎರಡರ ನಡುವೆ ಗೆರೆ ಎಳೆದರೆ ನಿಮ್ಮ ವ್ಯಾಖ್ಯೆಯ ಕೆಲಸ ಮುಗಿಯಿತು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಬರೆಯಲು ಶುರುಮಾಡಿದ ಹೊಸದರಲ್ಲಿ, ಆಟದ ಮೈದಾನದಲ್ಲಿ ಕುಸಿದುಬಿದ್ದ ಆಟಗಾರನೊಬ್ಬನ ಸುದ್ದಿಗೆ ‘ಹೃದಯಾಘಾತ’ ಅಂತ ಬರೆದೆ. ಮೂಲ ವರದಿಯಲ್ಲಿ ಇದ್ದದ್ದು ಹೃದಯ ಸ್ತಂಭನ. ಎರಡೂ ಒಂದೇ ತಾನೇ ಅಂದುಕೊಂಡಿದ್ದೆ. ಒಂದೇ ಅಲ್ಲ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಂಡು, ಆ ಭಾಗದ ಸ್ನಾಯು ಸಾಯತೊಡಗುವುದು ಹೃದಯಾಘಾತ. ಆಗ ಸಾಮಾನ್ಯವಾಗಿ ಹೃದಯ ಇನ್ನೂ ಬಡಿಯುತ್ತಲೇ ಇರುತ್ತದೆ. ಎಷ್ಟೋ ಜನ ಎದೆ ಹಿಡಿದುಕೊಂಡು ಮಾತಾಡುತ್ತಿರುತ್ತಾರೆ. ಹೃದಯ ಸ್ತಂಭನದಲ್ಲಿ ಹೃದಯ ರಕ್ತ ಪಂಪ್ ಮಾಡುವುದೇ ನಿಂತುಹೋಗುತ್ತದೆ. ಬಹಳ ಸಲ ಅದರ ವಿದ್ಯುತ್ ಬಡಿತ ದಿಕ್ಕೆಟ್ಟು ಹೀಗಾಗುತ್ತದೆ. ಮನುಷ್ಯ ಕ್ಷಣದಲ್ಲಿ ಕುಸಿಯುತ್ತಾನೆ, ಉಸಿರಾಟ ಸರಿಯಾಗಿ ಇರುವುದಿಲ್ಲ. ಪಕ್ಕದಲ್ಲಿದ್ದವರು ಆಗಲೇ ಎದೆ ಒತ್ತಲು ಶುರುಮಾಡಬೇಕು. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಅದಕ್ಕೇ ಗೊಂದಲ ಜಾಸ್ತಿ. ಇವೆರಡರ ಜೊತೆಗೆ ‘ಹೃದಯ ವೈಫಲ್ಯ’ ಅಂತ ಮೂರನೆಯದೂ ಇದೆ. ಹೆಸರು ಕೇಳಿದರೆ ಹೃದಯ ನಿಂತೇಹೋಯಿತು ಅನ್ನಿಸುತ್ತದೆ. ನಿಜವಾಗಿ ಹೃದಯ ದುರ್ಬಲವಾಗಿ, ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾರದ ಸ್ಥಿತಿ ಅದು. ಔಷಧ ತೆಗೆದುಕೊಳ್ಳುತ್ತ ವರ್ಷಗಟ್ಟಲೆ ಬದುಕುವವರಿದ್ದಾರೆ.

ಈಗ ನೋಡಿ, ನಿಘಂಟಿನಲ್ಲಿ ಹೃದಯ ಸ್ತಂಭನಕ್ಕೆ ಬೇರೆ ವಾಕ್ಯ ಇರುತ್ತದೆ. ನಿಮ್ಮ ಓದುಗರಿಗೆ ಬೇಕಾದ ವಾಕ್ಯ ಇದು: “ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಸಿಗುವುದಿಲ್ಲ, ಹೃದಯ ಸ್ತಂಭನದಲ್ಲಿ ಹೃದಯದಿಂದ ರಕ್ತ ಹೋಗುವುದಿಲ್ಲ.” ಇಷ್ಟು ಸಾಕು. ವೈದ್ಯರು ಇದನ್ನು ಓದಿ ಮೂಗು ಮುರಿಯಬಹುದು, ಮುರಿಯಲಿ.

ವ್ಯಾಖ್ಯೆ ಸರಿಯಿದೆಯೇ ಅಂತ ನೋಡಲು ನಮ್ಮ ತರ್ಕಶಾಸ್ತ್ರದಲ್ಲಿ ಒಂದು ಹಳೆಯ ಸಲಕರಣೆ ಇದೆ. ಲಕ್ಷಣಕ್ಕೆ (ಅಲ್ಲಿ ವ್ಯಾಖ್ಯೆಗೆ ಹೀಗೆ ಹೆಸರು) ಮೂರು ದೋಷ ಇರಬಹುದು ಅನ್ನುತ್ತಾರೆ. ಉದಾಹರಣೆ ಹಸುವಿನದು. “ಕಂದು ಬಣ್ಣದ್ದು ಹಸು” ಅಂದರೆ ಬಿಳಿ ಹಸು ಹೊರಗೆ ಉಳಿಯಿತು. ಇದು ಅವ್ಯಾಪ್ತಿ. “ಕೊಂಬಿರುವುದು ಹಸು” ಅಂದರೆ ಎಮ್ಮೆಯೂ ಒಳಗೆ ಬಂತು. ಇದು ಅತಿವ್ಯಾಪ್ತಿ. “ಒಂಟಿ ಗೊರಸಿನದು ಹಸು” ಅಂದರೆ ಒಂದು ಹಸುವೂ ಸಿಗುವುದಿಲ್ಲ. ಇದು ಅಸಂಭವ. ವೈದ್ಯಕೀಯ ಸುದ್ದಿಗೆ ಇದು ಎಷ್ಟು ಚೆನ್ನಾಗಿ ಒಗ್ಗುತ್ತದೆ ಅಂದರೆ, ನಾನು ಪ್ರತಿ ವಾಕ್ಯವನ್ನೂ ಈ ಜರಡಿಗೆ ಹಾಕಿ ನೋಡುತ್ತೇನೆ.

‘ಪಾರ್ಶ್ವವಾಯು’ ಪದವನ್ನೇ ತೆಗೆದುಕೊಳ್ಳಿ. ಸ್ಟ್ರೋಕ್ ಅನ್ನುವುದಕ್ಕೆ ನಾವು ಸಲೀಸಾಗಿ ಬಳಸುವ ಮಾತು ಇದು. ಆದರೆ ಪದದ ಒಳಗೆ ಇರುವುದು ದೇಹದ ಒಂದು ಬದಿ ಸ್ವಾಧೀನ ತಪ್ಪುವುದು. ಸ್ಟ್ರೋಕ್ ಅಂದರೆ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಂತುಹೋಗುವುದು, ಇಲ್ಲವೇ ನಾಳ ಒಡೆದು ರಕ್ತ ಸೋರುವುದು. ಕೆಲವರಿಗೆ ಕೈಕಾಲು ಚೆನ್ನಾಗೇ ಇರುತ್ತದೆ, ಮಾತು ಮಾತ್ರ ತೊದಲುತ್ತದೆ. ಕೆಲವರಿಗೆ ದೃಷ್ಟಿ ಅರ್ಧ ಹೋಗುತ್ತದೆ. ಅವರು “ಪಾರ್ಶ್ವವಾಯು ಅಲ್ಲವಲ್ಲ” ಅಂತ ಮನೆಯಲ್ಲೇ ಮಲಗುತ್ತಾರೆ. ಇದು ಅವ್ಯಾಪ್ತಿ, ಮತ್ತು ಜೀವಕ್ಕೆ ಎರವಾಗಬಹುದಾದ ಅವ್ಯಾಪ್ತಿ. ಇನ್ನೊಂದು ಕಡೆ, ಬೆಲ್ಸ್ ಪಾಲ್ಸಿ ಅನ್ನುವ ತೊಂದರೆಯಲ್ಲಿ ಮುಖದ ನರ ಊದಿಕೊಂಡು ಮುಖದ ಒಂದು ಬದಿ ಜೋತುಬೀಳುತ್ತದೆ. ಮಿದುಳಿಗೆ ಏನೂ ಆಗಿರುವುದಿಲ್ಲ. ಅದನ್ನೂ ಜನ ಪಾರ್ಶ್ವವಾಯು ಅನ್ನುತ್ತಾರೆ. ಇದು ಅತಿವ್ಯಾಪ್ತಿ. (ಆದರೆ ಯಾವುದು ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವಂತಿಲ್ಲ. ಮುಖ ಜೋತರೆ ಆಸ್ಪತ್ರೆಗೇ ಹೋಗಬೇಕು ಅಂತ ಸುದ್ದಿಯಲ್ಲೇ ಬರೆಯಿರಿ.)

ಅಸಂಭವಕ್ಕೂ ಉದಾಹರಣೆ ಬೇಕೇ? “ಆ್ಯಂಟಿಬಯಾಟಿಕ್ ಜಾಸ್ತಿ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ.” ಒಗ್ಗುವುದು ದೇಹವಲ್ಲ, ಬ್ಯಾಕ್ಟೀರಿಯಾ. ಅದಕ್ಕೇ ಜೀವಮಾನದಲ್ಲಿ ಒಂದು ಮಾತ್ರೆಯನ್ನೂ ನುಂಗದವರಿಗೂ ಔಷಧಕ್ಕೆ ಬಗ್ಗದ ಸೋಂಕು ತಗುಲಬಹುದು.

ಇದು ಒಂದೊಂದೇ ಪದದ ಮಾತಾಯಿತು. ಇನ್ನೊಂದು ಸಂದರ್ಭ ಇದೆ, ಹೊಸಬರು ಸಾಮಾನ್ಯವಾಗಿ ಗಮನಿಸುವುದಿಲ್ಲ: ವ್ಯಾಖ್ಯೆ ಬದಲಾದದ್ದೇ ಸುದ್ದಿಯಾಗಿರುತ್ತದೆ, ಆದರೆ ಸುದ್ದಿ ರೋಗ ಹೆಚ್ಚಾದಂತೆ ಕಾಣುತ್ತದೆ. 2017ರ ನವೆಂಬರ್‌ನಲ್ಲಿ ಅಮೆರಿಕದ ಎರಡು ದೊಡ್ಡ ಹೃದ್ರೋಗ ಸಂಸ್ಥೆಗಳು, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮತ್ತು ಅಮೆರಿಕನ್ ಕಾಲೇಜ್ ಆಫ್ ಕಾರ್ಡಿಯಾಲಜಿ, ಅಧಿಕ ರಕ್ತದೊತ್ತಡದ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದವು. ಅಷ್ಟಕ್ಕೇ ಆ ದೇಶದ ವಯಸ್ಕರಲ್ಲಿ ಬಿಪಿ ಇರುವವರ ಪಾಲು ಸುಮಾರು ಶೇ. 32ರಿಂದ ಶೇ. 46ಕ್ಕೆ ಏರಿತು. ಹಿಂದಿನ ರಾತ್ರಿ ಆರೋಗ್ಯವಾಗಿ ಮಲಗಿದವರು ಬೆಳಗ್ಗೆ ರೋಗಿಗಳಾಗಿ ಎದ್ದರು. ಅವರ ರಕ್ತನಾಳದಲ್ಲಿ ಏನೂ ಬದಲಾಗಿರಲಿಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘ 140/90ರಲ್ಲೇ ಉಳಿಯಿತು. 2024ರಲ್ಲಿ ಅದರ ಕೆಳಗಿನ ಮಟ್ಟಕ್ಕೆ ‘ಏರಿದ ರಕ್ತದೊತ್ತಡ’ ಅನ್ನುವ ಬೇರೆ ಗುಂಪು ಮಾಡಿತು. ಅಂದರೆ ಕ್ಲಿನಿಕ್‌ನಲ್ಲಿ 135/85 ಬಂದ ಒಬ್ಬನೇ ಮನುಷ್ಯ ಒಂದು ಕಡೆ ಅಧಿಕ ರಕ್ತದೊತ್ತಡದ ರೋಗಿ, ಸಮುದ್ರ ದಾಟಿದರೆ ಅಲ್ಲ.

ಇದನ್ನು ಮೋಸ ಅಂತ ನಾನು ಹೇಳುತ್ತಿಲ್ಲ. ಬೇಗ ಎಚ್ಚರಿಸಿದರೆ ಒಳ್ಳೆಯದು ಅನ್ನುವ ಪುರಾವೆ ನೋಡಿಯೇ ಗೆರೆ ಇಳಿಸಿದರು. ಆದರೆ “ಬಿಪಿ ರೋಗಿಗಳ ಸಂಖ್ಯೆ ಏರಿಕೆ” ಅಂತ ಶೀರ್ಷಿಕೆ ಕೊಟ್ಟರೆ ಅದು ಸುಳ್ಳು. ಏರಿದ್ದು ರೋಗವಲ್ಲ, ಇಳಿದದ್ದು ಗೆರೆ.

ಏಡ್ಸ್ ವಿಷಯದಲ್ಲೂ ಹೀಗೇ ಆಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1993ರಲ್ಲಿ ಏಡ್ಸ್ ವ್ಯಾಖ್ಯೆಯನ್ನು ಅಗಲಗೊಳಿಸಿತು. ಎಚ್‌ಐವಿ ಇದ್ದು, ಸೋಂಕಿನ ವಿರುದ್ಧ ಹೋರಾಡುವ ಸಿಡಿ4 ಅನ್ನುವ ಬಿಳಿ ರಕ್ತಕಣಗಳ ಸಂಖ್ಯೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ 200ಕ್ಕಿಂತ ಕೆಳಗೆ ಇಳಿದವರನ್ನೂ ಲೆಕ್ಕಕ್ಕೆ ಸೇರಿಸಿತು. ಆ ವರ್ಷ ದಾಖಲಾದ ಪ್ರಕರಣ ಹಿಂದಿನ ವರ್ಷಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ. 2016ರಲ್ಲಿ ತಜ್ಞರ ತಂಡವೊಂದು ಥೈರಾಯ್ಡ್‌ನ ಒಂದು ಬಗೆಯ ಗಡ್ಡೆಯ ಹೆಸರಿನಿಂದ ಕ್ಯಾನ್ಸರ್ ಅನ್ನುವ ಪದವನ್ನೇ ತೆಗೆದುಹಾಕಿತು. ಸುತ್ತ ಪೊರೆ ಇದ್ದು, ಹೊರಗೆ ಹರಡದೆ ಉಳಿಯುವ ಗಡ್ಡೆ ಅದು. ಇಂಥ ಸುದ್ದಿ ಬಂದಾಗ ಮೊದಲು ಕೇಳಿ: ಗೆರೆ ಎಳೆದವರು ಯಾರು, ಯಾವ ವರ್ಷ, ಹಿಂದೆ ಎಲ್ಲಿತ್ತು?

ಈಗ ವರ್ಗೀಕರಣಕ್ಕೆ ಬರೋಣ. ನೀವು “ಬಗೆಗಳಿದ್ದರೆ ಪಟ್ಟಿ ಮಾಡುತ್ತೇನೆ” ಅಂದಿರಿ. ಪಟ್ಟಿಯನ್ನು ಯಾವ ಆಧಾರದ ಮೇಲೆ ವಿಂಗಡಿಸಿದ್ದಾರೆ ಅಂತ ಹೇಳುತ್ತೀರಾ? ಇಲ್ಲ ಅನ್ನಿಸುತ್ತದೆ. ಒಂದೇ ಬೀರುವಿನ ಬಟ್ಟೆಗಳನ್ನು ಬಣ್ಣ ನೋಡಿ ಜೋಡಿಸಬಹುದು, ಅಳತೆ ನೋಡಿ ಜೋಡಿಸಬಹುದು. ಬಣ್ಣ ನೋಡಿ ಜೋಡಿಸಿದ ಬೀರುವಿನಲ್ಲಿ ಅಳತೆ ಹುಡುಕಿದರೆ ಸಿಗುತ್ತದೆಯೇ? ಪ್ರತಿ ವಿಂಗಡಣೆಯೂ ಯಾವುದೋ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಆ ಪ್ರಶ್ನೆಯನ್ನು ಬಿಟ್ಟು ಉತ್ತರ ಮಾತ್ರ ಕೊಟ್ಟರೆ, ಓದುಗರು ತಮ್ಮದೇ ಪ್ರಶ್ನೆಯನ್ನು ಅಂಟಿಸಿಕೊಳ್ಳುತ್ತಾರೆ.

ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ 2015ರ ಅಕ್ಟೋಬರ್‌ನದು. ವಿಶ್ವ ಆರೋಗ್ಯ ಸಂಸ್ಥೆಯ ಕೆಳಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಅಂತ ಇದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಅದರ ಕಚೇರಿ. ಅದು ಸಾಸೇಜ್, ಬೇಕನ್, ಹ್ಯಾಮ್‌ನಂಥ ಸಂಸ್ಕರಿತ ಮಾಂಸವನ್ನು ಗುಂಪು 1ಕ್ಕೆ ಸೇರಿಸಿತು. ಅದೇ ಗುಂಪಿನಲ್ಲಿ ತಂಬಾಕು, ಕಲ್ನಾರು ಇವೆ. ಮಾರನೆಯ ದಿನ ಜಗತ್ತಿನ ಎಷ್ಟೋ ಪತ್ರಿಕೆಗಳಲ್ಲಿ “ಬೇಕನ್ ಸಿಗರೇಟಿನಷ್ಟೇ ಅಪಾಯಕಾರಿ” ಅನ್ನುವ ಧಾಟಿಯ ಸುದ್ದಿ.

ಆದರೆ ಆ ಗುಂಪುಗಳು ಅಪಾಯ ಎಷ್ಟು ಅಂತ ಅಳೆಯುವುದೇ ಇಲ್ಲ. ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಪುರಾವೆ ಎಷ್ಟು ಗಟ್ಟಿ ಅಂತ ಮಾತ್ರ ಅಳೆಯುತ್ತವೆ. ನಾನು ಹೀಗೆ ವಿವರಿಸುತ್ತೇನೆ: ಅದು ಕಳ್ಳರ ಪಟ್ಟಿ. ಗುಂಪು 1 ಅಂದರೆ ಕಳ್ಳತನ ಸಾಬೀತಾದವರು. 2ಎ ಅಂದರೆ ಬಲವಾದ ಅನುಮಾನ ಇರುವವರು. 2ಬಿ ಅಂದರೆ ಅನುಮಾನಕ್ಕೆ ಅಷ್ಟಿಷ್ಟು ಎಡೆ ಇರುವವರು. 3 ಅಂದರೆ ಹೇಳಲು ಸಾಕ್ಷಿ ಸಾಲದವರು. ಪೆನ್ನು ಕದ್ದವನೂ ಬ್ಯಾಂಕ್ ದೋಚಿದವನೂ ಸಾಬೀತಾದರೆ ಇಬ್ಬರೂ ಗುಂಪು 1. ಎಷ್ಟು ಕದ್ದರು ಅನ್ನುವುದು ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಬೇರೆ ಲೆಕ್ಕ ನೋಡಬೇಕು.

ಆ ಬೇರೆ ಲೆಕ್ಕವನ್ನೂ ಅದೇ ಏಜೆನ್ಸಿ ಕೊಟ್ಟಿತ್ತು. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್‌ನ ಸಂಭವ ಸುಮಾರು ಶೇ. 18 ಹೆಚ್ಚುತ್ತದೆ ಅಂತ. ಈ 18 ಕೂಡ ಓದುಗರನ್ನು ದಾರಿ ತಪ್ಪಿಸುತ್ತದೆ, 100ಕ್ಕೆ 18 ಜನರಿಗೆ ಬರುತ್ತದೆ ಅಂದುಕೊಳ್ಳುತ್ತಾರೆ. 100 ಜನರಲ್ಲಿ ಹೇಗಿದ್ದರೂ 5 ಮಂದಿಗೆ ಬರುವಂತಿದ್ದರೆ, ಅದು 6ರ ಹತ್ತಿರಕ್ಕೆ ಹೋಯಿತು ಅಂತ ಅರ್ಥ. ಸಿಗರೇಟು ಶ್ವಾಸಕೋಶದ ಕ್ಯಾನ್ಸರ್‌ನ ಸಂಭವವನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು ಏರಿಸುತ್ತದೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಏಜೆನ್ಸಿ ಅಲ್ಲ, ನಮ್ಮಂಥ ಬರೆಯುವವರು.

2023ರ ಜುಲೈನಲ್ಲಿ ಅಸ್ಪಾರ್ಟೇಮ್ ಅನ್ನುವ ಸಿಹಿಕಾರಕ 2ಬಿ ಗುಂಪಿಗೆ ಸೇರಿದಾಗ ಮತ್ತದೇ ಗಲಾಟೆ. ಅದೇ ದಿನ ಆಹಾರದಲ್ಲಿ ಬೆರೆಸುವ ವಸ್ತುಗಳನ್ನು ನೋಡುವ ಇನ್ನೊಂದು ತಜ್ಞರ ಸಮಿತಿ, ದಿನದ ಮಿತಿ ದೇಹದ ಪ್ರತಿ ಕಿಲೋ ತೂಕಕ್ಕೆ 40 ಮಿಲಿಗ್ರಾಂ ಇದ್ದದ್ದು ಹಾಗೇ ಇರಲಿ ಅಂದಿತು. ಪಾನೀಯದ ಒಂದು ಕ್ಯಾನ್‌ನಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ, 70 ಕಿಲೋ ತೂಕದವರು ದಿನಕ್ಕೆ 9ರಿಂದ 14 ಕ್ಯಾನ್‌ಗಿಂತ ಹೆಚ್ಚು ಕುಡಿದರೆ ಮಾತ್ರ ಮಿತಿ ದಾಟುತ್ತದೆ. ಒಂದು ಸಮಿತಿ “ತರಬಲ್ಲದೇ?” ಅಂತ ಕೇಳಿತ್ತು, ಇನ್ನೊಂದು “ಎಷ್ಟಾದರೆ ತೊಂದರೆ?” ಅಂತ. ಇಬ್ಬರೂ ಜಗಳವಾಡುತ್ತಿದ್ದಾರೆ ಅಂತ ಬರೆದವರು ಪ್ರಶ್ನೆಯನ್ನೇ ಓದಿರಲಿಲ್ಲ.

ಅಂಕಿ, ಅಕ್ಷರಗಳ ಹೆಸರಿನಲ್ಲಿ ಇನ್ನೊಂದು ಹಳ್ಳ ಇದೆ. ಕೆಲವು ವಿಂಗಡಣೆ ಮೆಟ್ಟಿಲು, ಕೆಲವು ಬರೀ ಖಾನೆ. ಒಮ್ಮೆ ಒಬ್ಬರು ನನಗೆ ಸಮಾಧಾನದಿಂದ ಹೇಳಿದರು: “ನಮ್ಮ ಹುಡುಗನಿಗೆ ಶುಗರ್ ಟೈಪ್ 1 ಅಷ್ಟೇ ಸಾರ್, ಟೈಪ್ 2ಕ್ಕೆ ಹೋಗಿಲ್ಲ.” ಅವರು ಮೆಟ್ಟಿಲು ಅಂದುಕೊಂಡಿದ್ದರು. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳುಮಾಡುತ್ತದೆ. ಹೊರಗಿನಿಂದ ಇನ್ಸುಲಿನ್ ಕೊಡದೆ ಬದುಕಿಲ್ಲ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ, ಬರಬರುತ್ತ ತಯಾರಿಕೆಯೂ ಸಾಲದಾಗುತ್ತದೆ. ಒಂದು ಇನ್ನೊಂದಾಗಿ ‘ಮುಂದುವರಿಯುವುದಿಲ್ಲ’. ಹೆಪಟೈಟಿಸ್ ಎ, ಬಿ, ಸಿ, ಡಿ, ಇ ಕೂಡ ಖಾನೆಗಳೇ. ಬೇರೆ ಬೇರೆ ವೈರಸ್‌ಗಳು, ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಹೆಸರು ಪಡೆದವು. ಎ ಮತ್ತು ಇ ಮುಖ್ಯವಾಗಿ ಕೊಳಕು ನೀರು, ಆಹಾರದಿಂದ ಬರುತ್ತವೆ. ಬಿ, ಸಿ, ಡಿ ರಕ್ತ ಮತ್ತು ದೇಹದ ದ್ರವಗಳಿಂದ. ಬಿ ಅಂದರೆ ಎಗಿಂತ ಒಂದು ಮೆಟ್ಟಿಲು ಮೇಲೆ ಅಂತಲ್ಲ.

ಕ್ಯಾನ್ಸರ್‌ನ ಹಂತ 1ರಿಂದ 4 ಮಾತ್ರ ನಿಜವಾದ ಮೆಟ್ಟಿಲು, ಎಷ್ಟು ದೂರ ಹರಡಿದೆ ಅಂತ ಹೇಳುತ್ತದೆ. ಅದರ ಪಕ್ಕದಲ್ಲೇ ‘ಗ್ರೇಡ್’ ಅಂತ ಇನ್ನೊಂದು ಮೆಟ್ಟಿಲು ಇದೆ. ಅದು ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಎಷ್ಟು ವಿಕಾರವಾಗಿ ಕಾಣುತ್ತವೆ ಅಂತ ಹೇಳುವುದು. ಎರಡಕ್ಕೂ ಕನ್ನಡದಲ್ಲಿ ‘ಹಂತ’ ಅಂತ ಬರೆದುಬಿಡುತ್ತೇವೆ. ಬೇಡ. ಗ್ರೇಡ್‌ಗೆ ಗ್ರೇಡ್ ಅಂತಲೇ ಬರೆದು ಅರ್ಥ ಹೇಳಿ.

ಪದಗಳ ವಿಷಯಕ್ಕೆ ಬಂದೆವಲ್ಲ, ‘ನಿರ್ಮೂಲನೆ’ಯ ಬಗ್ಗೆ ನನ್ನದೊಂದು ಹಳೆಯ ತಕರಾರಿದೆ. ಸಿಡುಬು 1980ರಲ್ಲಿ ನಿರ್ಮೂಲನೆಯಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಂದರೆ ಜಗತ್ತಿನಲ್ಲಿ ಎಲ್ಲೂ ಒಬ್ಬರಿಗೂ ಇಲ್ಲ. ಮನುಷ್ಯರ ಕಾಯಿಲೆಗಳಲ್ಲಿ ಆ ಗೌರವ ಸಿಕ್ಕಿರುವುದು ಅದೊಂದಕ್ಕೇ. ಕುಷ್ಠರೋಗದ ಬಗ್ಗೆಯೂ ‘ನಿರ್ಮೂಲನೆ’ ಅಂತ ಸುದ್ದಿ ಬರುತ್ತದೆ. ಅಲ್ಲಿ ಅದರ ಅರ್ಥ 10,000 ಜನರಿಗೆ ಒಬ್ಬ ರೋಗಿಗಿಂತ ಕಡಿಮೆ, ಅಷ್ಟೇ. ಅಂದರೆ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ, ಆದರೆ ರೋಗಿಗಳಿದ್ದಾರೆ. ದಡಾರದ ವಿಷಯದಲ್ಲಿ ಮೂರನೆಯ ಅರ್ಥ: ಒಂದು ಪ್ರದೇಶದಲ್ಲಿ ಹನ್ನೆರಡು ತಿಂಗಳಾದರೂ ನಿರಂತರವಾಗಿ ಹರಡುತ್ತಿಲ್ಲ, ಹೊರಗಿನಿಂದ ಬಂದರೆ ಬರಬಹುದು. ಮೂರು ಬೇರೆ ಸಂಗತಿಗೆ ಒಂದೇ ಪದ. ಹಾಗಾಗಿಯೇ “ನಿರ್ಮೂಲನೆ ಆಗಿದ್ದ ರೋಗ ಮತ್ತೆ ಬಂತು!” ಅಂತ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಬರೆಯುವವರು ಹುಟ್ಟಿಕೊಳ್ಳುತ್ತಾರೆ. ಸಿಡುಬಿಗೆ ಮಾತ್ರ ಈ ಪದ ಇಟ್ಟುಕೊಂಡು, ಉಳಿದ ಕಡೆ “ಹರಡುವುದು ನಿಂತಿದೆ”, “ರೋಗಿಗಳು 10,000ಕ್ಕೆ ಒಬ್ಬರಿಗಿಂತ ಕಡಿಮೆ” ಅಂತ ನೇರವಾಗಿ ಬರೆದರೆ ಏನು ಕಳೆದುಕೊಳ್ಳುತ್ತೇವೆ?

ಸೋಂಕು ಮತ್ತು ರೋಗದ ಭೇದ ನಿಮಗೆ ಗೊತ್ತೇ ಇರುತ್ತದೆ. ಎಚ್‌ಐವಿ ವೈರಸ್, ಏಡ್ಸ್ ಆ ಸೋಂಕಿನ ಕೊನೆಯ ಹಂತದ ಸ್ಥಿತಿ. ಕೋವಿಡ್ ರೋಗದ ಹೆಸರು, ಅದರ ವೈರಸ್‌ಗೆ ಬೇರೆ ಹೆಸರಿದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಒಂದು ಸುದ್ದಿಯನ್ನು ಒಟ್ಟಿಗೆ ತಿದ್ದಿ ನೋಡೋಣ, ಸುಮ್ನೆ ಉಪದೇಶ ಮಾಡಿದರೆ ಆಗಲಿಲ್ಲ. ನಿಮ್ಮ ಮೇಜಿಗೆ ಹೀಗೊಂದು ಸಾಲು ಬಂತು ಅಂದುಕೊಳ್ಳಿ: “ತೂಕ ಇಳಿಸಿದರೆ ಮಧುಮೇಹ ಸಂಪೂರ್ಣ ವಾಸಿ: ಅಧ್ಯಯನ.” ಮೂರು ಪದಗಳನ್ನು ತಡೆದು ನಿಲ್ಲಿಸಬೇಕು. ‘ಮಧುಮೇಹ’ ಅಂದರೆ ಯಾವ ಬಗೆ? ಮೂಲ ವರದಿಯಲ್ಲಿ ಖಂಡಿತ ಟೈಪ್ 2 ಅಂತ ಇರುತ್ತದೆ. ಅದನ್ನು ಬಿಟ್ಟರೆ ಟೈಪ್ 1 ಇರುವ ಮಗುವಿನ ತಾಯಿ ಇನ್ಸುಲಿನ್ ನಿಲ್ಲಿಸುವ ಯೋಚನೆ ಮಾಡಬಹುದು. ಇದು ಉತ್ಪ್ರೇಕ್ಷೆಯಲ್ಲ. ‘ವಾಸಿ’ ಅಂದರೆ ಏನು? ವರದಿಯಲ್ಲಿ ಇರುವುದು ಬಹುಶಃ ‘ರೆಮಿಷನ್’. ಅದಕ್ಕೆ 2021ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ಒಪ್ಪಿತ ಅರ್ಥ ಕೊಟ್ಟಿದೆ: ಸಕ್ಕರೆ ಇಳಿಸುವ ಔಷಧ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ. 6.5ಕ್ಕಿಂತ ಕಡಿಮೆ ಇರುವುದು. ಅವರು ‘ವಾಸಿ’ ಅನ್ನುವ ಪದವನ್ನು ಬೇಕೆಂದೇ ಬಿಟ್ಟರು, ಯಾಕೆಂದರೆ ಕಾಯಿಲೆ ಮರಳಬಹುದು, ಪರೀಕ್ಷೆ ಮುಂದುವರಿಸಬೇಕು. ಇನ್ನು ‘ಅಧ್ಯಯನ’. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ್ದೇ, ಇಲ್ಲ ಸುಮ್ಮನೆ ಗಮನಿಸಿದ್ದೇ? ಇಲಿಯ ಮೇಲೋ, ಮನುಷ್ಯರ ಮೇಲೋ?

ತಿದ್ದಿದ ಸಾಲು ಹೀಗಿರಬಹುದು: “ಟೈಪ್ 2 ಮಧುಮೇಹ ಇರುವ ಕೆಲವರು ತೂಕ ಇಳಿಸಿದ ಮೇಲೆ, ಔಷಧ ಇಲ್ಲದೆಯೂ ಸಕ್ಕರೆ ಮಟ್ಟ ಮಧುಮೇಹದ ಗೆರೆಗಿಂತ ಕೆಳಗೆ ಉಳಿಯಿತು. ವೈದ್ಯರು ಇದನ್ನು ವಾಸಿ ಅನ್ನುವುದಿಲ್ಲ. ಮತ್ತೆ ಏರಬಹುದು. ಟೈಪ್ 1 ಇರುವವರಿಗೆ ಇದು ಅನ್ವಯಿಸುವುದಿಲ್ಲ.” ಸ್ವಲ್ಪ ಉದ್ದವಾಯಿತು, ನಿಜ. ಆದರೆ ನಿಘಂಟಿನ ಒಂದು ಪದವೂ ಇಲ್ಲ. ಎರಡು ಕಡೆ ‘ಇದಲ್ಲ’ ಅಂತ ಹೇಳಿದ್ದೇವೆ, ಅಷ್ಟೇ.

ಕೊನೆಗೆ ನಿಮ್ಮ ಬಾಕ್ಸ್. ಓದುಗರಿಗೆ ಗೊಂದಲ ಆಗುವುದು ಶೀರ್ಷಿಕೆಯಲ್ಲೇ, ಹೆಚ್ಚೆಂದರೆ ಮೊದಲ ಎರಡು ಸಾಲಿನಲ್ಲಿ. ಮೊಬೈಲಿನಲ್ಲಿ ಬಾಕ್ಸ್ ಕೆಳಗೆ ಎಲ್ಲೋ ಹೋಗಿ ಕೂರುತ್ತದೆ, ಅಷ್ಟರಲ್ಲಿ ಅವರು ಸುದ್ದಿಯನ್ನು ಹತ್ತು ಜನರಿಗೆ ಕಳಿಸಿ ಆಗಿರುತ್ತದೆ. ಹಾಗಾಗಿ ಗೆರೆ ಎಳೆಯುವ ವಾಕ್ಯ ಸುದ್ದಿಯ ಮೈಯಲ್ಲೇ, ಪದ ಮೊದಲು ಬಂದ ಜಾಗದಲ್ಲೇ ಇರಲಿ. ಬಾಕ್ಸ್‌ನಲ್ಲಿ ವಿಂಗಡಣೆಯ ಪಟ್ಟಿ ಹಾಕಬಹುದು. ಪಟ್ಟಿಯ ಮೇಲೆ, ಅದನ್ನು ಯಾವ ಪ್ರಶ್ನೆ ಕೇಳಿ ಮಾಡಿದರು ಅಂತ ಒಂದು ಸಾಲು ಬರೆಯಿರಿ: “ಪುರಾವೆ ಎಷ್ಟು ಗಟ್ಟಿ?” ಅಥವಾ “ಎಷ್ಟು ದೂರ ಹರಡಿದೆ?” ಅಂತ. ಆ ಸಾಲು ನಿಮಗೇ ಬರೆಯಲು ಆಗದಿದ್ದರೆ, ಪಟ್ಟಿ ಹಾಕುವ ಮೊದಲು ಮೂಲ ವರದಿಯನ್ನು ಇನ್ನೊಮ್ಮೆ ಓದಿ.